ಅರವತ್ತೊಂದು ಎಪ್ಪತ್ನಾಲ್ಕು

ನಾನು ಒಂದು ಕಳೆಯುವ ಲೆಕ್ಕ ಮಾಡಲಿಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳು ಮಾಡುವಂಥ ಲೆಕ್ಕ. ಆವತ್ತು ಬೆಳಿಗ್ಗೆ ಫೋನಿಟ್ಟ ಮೇಲೆ ಆಟೋದ ಧೂಳಿನ ಮೇಲೆ ಬೆರಳಲ್ಲಿ ಎರಡು ಸಾಲು ಗೀಚಿ ನೋಡಿದ್ದರೆ ಅಕ್ಕನ ತಲೆಯೊಳಗೆ ಏನೋ ಕೆಟ್ಟಿದೆ ಎಂದು ನನಗೆ ಗೊತ್ತಾಗಿಬಿಡುತ್ತಿತ್ತು. ಡಾಕ್ಟರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಆ ಲೆಕ್ಕ ನನಗೆ ಬರುತ್ತಿತ್ತು. ಅಕ್ಕನೇ ಕಲಿಸಿದ್ದಳು. ಬಂದೂ ಮಾಡಲಿಲ್ಲ.

ನಮ್ಮಕ್ಕ ಗಂಗಮ್ಮ ತುಮಕೂರಿನ ರೈಲ್ವೆ ಸ್ಟೇಷನ್ ಹತ್ತಿರ ಗಾಡಿ ಸ್ಟ್ಯಾಂಡಿನಲ್ಲಿ ಚೀಟಿ ಹರಿದುಕೊಡುವ ಕೆಲಸದಲ್ಲಿದ್ದಳು. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಬೈಕು ಸ್ಕೂಟರುಗಳನ್ನು ತಂದು ನಿಲ್ಲಿಸಿ ಟ್ರೈನಿಗೆ ಓಡುತ್ತಿದ್ದರು, ಸಾಯಂಕಾಲ ಬಂದು ಬಿಡಿಸಿಕೊಂಡು ಹೋಗುತ್ತಿದ್ದರು. ಅವರ ಹೆಸರು ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಾದರೂ ಉಳಿಯುತ್ತಿರಲಿಲ್ಲ. ಗಾಡಿಯ ಕೊನೆಯ ನಾಲ್ಕು ಅಂಕಿಯೇ ಅವರ ಹೆಸರು. "ಏನ್ ಇಪ್ಪತ್ತೈದು ಮೂವತ್ತೆಂಟು, ಮಗೀಗೆ ಜ್ವರ ಬುಡ್ತಾ?" ಎಂದು ಕೇಳುವಳು. "ಎಂಬತ್ಮೂರು ಹದಿನೇಳು ಮದ್ವೆಯಾಯ್ತಂತೆ" ಎಂದು ನನಗೆ ಸುದ್ದಿ ಹೇಳುವಳು. ಅವರೂ ಅವಳನ್ನು ಸ್ಟ್ಯಾಂಡಕ್ಕ ಎಂದೇ ಕರೆಯುತ್ತಿದ್ದರು.

ಟ್ರೈನು ಹೋಗಿ ಸ್ಟ್ಯಾಂಡು ತಣ್ಣಗಾದ ಮೇಲೆ ಅವಳ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಬಾಗಿಲಲ್ಲಿ ಒಂದು ಕಲ್ಲು ಚಪ್ಪಡಿ ಇತ್ತು. ಅದರ ಮುಂದೆ ಕೂತು, ನಿಂತಿರುವ ಗಾಡಿಗಳ ನಂಬರನ್ನು ಒಂದೊಂದಾಗಿ ಕಲ್ಲಿನ ಮೇಲೆ ಬಳಪದಲ್ಲಿ ಬರೆದು ಕಳೆಯುವಳು. ನೋಡಿದವರು ಲೆಕ್ಕ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಅವಳು ಆ ಗಾಡಿಗಳನ್ನು ಮನೆ ಸೇರಿಸುತ್ತಿದ್ದಳು.

ಅದು ಏನೆಂದು ಹೇಳಬೇಕಾದರೆ ನಮ್ಮ ಊರಿಗೆ ಹೋಗಬೇಕು. ನಾವು ಕುಣಿಗಲ್ ಕಡೆಯವರು. ಅಪ್ಪ ಲಾರಿ ಡ್ರೈವರು. ಅವ್ವ ನಾನು ಹಾಲು ಬಿಡುವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಲೋಡಿಗೆ ಹೋದರೆ ಯಾವಾಗ ಬರುತ್ತಾನೋ ಹೇಳುವವರಿರಲಿಲ್ಲ. ನಾನು ಅಳುತ್ತಾ ಬಾಗಿಲಲ್ಲಿ ಕೂರುತ್ತಿದ್ದೆ. ಅಕ್ಕನನ್ನು ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದರು. ಬಿಡುವ ದಿವಸ ಅವಳ ಲೆಕ್ಕದ ಮೇಷ್ಟ್ರು ಸಂಕಟಪಟ್ಟು, "ಇದೊಂದು ಇಟ್ಕೋ ಗಂಗಾ" ಎಂದು ಬೋರ್ಡಿನ ಮೇಲೆ ಒಂದು ಲೆಕ್ಕ ತೋರಿಸಿದ್ದರಂತೆ. ನಮ್ಮ ದೇಶದ ಒಬ್ಬ ಸ್ಕೂಲ್ ಮೇಷ್ಟ್ರೇ ಕಂಡುಹಿಡಿದ ಲೆಕ್ಕ ಅದು, ಹೊರದೇಶದವರೂ ನೋಡಿ ಬೆರಗಾಗಿದ್ದಾರೆ ಎಂದಿದ್ದರಂತೆ. ಅಕ್ಕ ಅದನ್ನು ತಂದು ನನ್ನ ಅಳು ನಿಲ್ಲಿಸಲು ಇಟ್ಟುಕೊಂಡಳು.

"ಅಪ್ಪನ್ ಲಾರಿ ನಂಬರ್ ಹೇಳ್ಲಾ."

"ಒಂಬತ್ತು ಎರಡು ಒಂದು ಎಂಟು."

"ದೊಡ್ಡವ್ರು ಮುಂದೆ, ಚಿಕ್ಕವ್ರು ಹಿಂದೆ ನಿಂತ್ಕಳ್ಳಿ. 9821. ಈಗ ತಿರುವಾಕು, ಚಿಕ್ಕವ್ರು ಮುಂದೆ. 1289. ಕಳಿ. ಸಾಲ್ದಿದ್ರೆ ಪಕ್ಕದ್ಮನೇಲಿ ಸಾಲ ತಗೋ. ಏನ್ ಬಂತು? 8532. ಇನ್ನೊಂದ್ಸಲ ಹಂಗೇ ಮಾಡು. 8532ರಲ್ಲಿ 2358 ಕಳಿ."

ನಾನು ಮೂಗು ಒರೆಸಿಕೊಂಡು ಕಳೆಯುತ್ತಿದ್ದೆ. 6174 ಬರುತ್ತಿತ್ತು.

"ಈಗ ಇದ್ನೂ ಹಂಗೇ ಮಾಡು."

7641ರಲ್ಲಿ 1467 ಕಳೆದರೆ ಮತ್ತೆ 6174. ಎಷ್ಟು ಸಲ ಮಾಡಿದರೂ ಅದೇ. ಅಲ್ಲಿಂದ ಆಚೆಗೆ ಅದು ಎಲ್ಲಿಗೂ ಹೋಗುವುದಿಲ್ಲ.

"ಇದೇ ಮನೆ," ಎನ್ನುತ್ತಿದ್ದಳು ಅಕ್ಕ. "ಯಾವ್ ನಂಬರಾದ್ರೂ ತಿರುಗಿ ತಿರುಗಿ ಇಲ್ಲಿಗೇ ಬರ್ಬೇಕು. ಏಳು ಹೆಜ್ಜೆ ಮೀರಂಗಿಲ್ಲ. ಅಪ್ಪನ್ ಲಾರಿ ಎರಡೇ ಹೆಜ್ಜೇಲಿ ಬಂತು ನೋಡು. ಅಪ್ಪನೂ ಬತ್ತಾನೆ, ಎದ್ದು ಉಣ್ಣು."

ಅಪ್ಪ ಬರುತ್ತಿದ್ದ. ಕೊನೆಯವರೆಗೂ ಬಂದ. ಅವನು ಸತ್ತದ್ದು ಕೂಡ ಮನೆಯ ಚಾಪೆಯ ಮೇಲೆಯೇ. ಹಾಗಾಗಿ ಆ ಲೆಕ್ಕ ಅಕ್ಕನ ಪಾಲಿಗೆ ಆಟವಾಗಿ ಉಳಿಯಲಿಲ್ಲ.

ಅದರಲ್ಲಿ ಒಂದು ಕಟ್ಟುನಿಟ್ಟಿತ್ತು. ನಡುವೆ ಸೊನ್ನೆ ಮುಂದಕ್ಕೆ ಬಂದರೆ ಅದನ್ನು ಬಿಡುವ ಹಾಗಿರಲಿಲ್ಲ. 2111ರಲ್ಲಿ 1112 ಕಳೆದರೆ ನಾನು 999 ಎಂದು ಬರೆಯುತ್ತಿದ್ದೆ. ಅಕ್ಕ ತಲೆಗೆ ಮೊಟಕುತ್ತಿದ್ದಳು. "ಮನೇಲಿ ನಾಕ್ ಜನ ಮಕ್ಳು. ಒಬ್ಬ ಕೆಲ್ಸಕ್ ಬಾರ್ದೋನು ಅಂತ ಅವನ್ ತಟ್ಟೆ ತೆಗ್ದುಬುಡ್ತೀಯೇನ್ಲಾ? ಸೊನ್ನೆಗೂ ಜಾಗ ಬುಡು. 0999." ಮೂರು ಅಂಕಿ ಉಳಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಇದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಇದನ್ನೇ ನಾನು ಮರೆತದ್ದು.

ಸ್ಟ್ಯಾಂಡಿಗೆ ಹೊಸ ಗಾಡಿ ತಂದವರು, "ಟೋಟಲ್ ಒಂಬತ್ತು ಬರೋ ನಂಬರೇ ಬೇಕು ಅಂತ ಕಾದು ತಗೊಂಡೆ ಸ್ಟ್ಯಾಂಡಕ್ಕ, ಎಂಟು ಬಂದ್ರೆ ಶನಿ" ಎಂದರೆ ಅವಳು ನಗುತ್ತಿದ್ದಳು. ತಿರುವಿ ಒಂದು ಸಲ ಕಳೆದರೆ ಯಾರ ನಂಬರನ್ನು ಕೂಡಿದರೂ ಒಂಬತ್ತೇ ಬರುತ್ತದೆ. 6174ರ ಆರು, ಒಂದು, ಏಳು, ನಾಲ್ಕು ಕೂಡಿದರೂ ಹದಿನೆಂಟು, ಒಂದು ಎಂಟು ಒಂಬತ್ತು. "ಕೊನೇಗೆ ಎಲ್ಲಾರೂ ಅಲ್ಲಿಗೇ ಬರೋದು, ಕಾಯೋದ್ಯಾಕೆ?" ಎನ್ನುವಳು. ಕೇಳಿದವರು ನಗುತ್ತಲೇ ಗಾಡಿಯ ಕೀಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಒಬ್ಬ ಮಾತ್ರ ಬೇರೆ. ಬೆಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಮನುಷ್ಯ, ಹಟ ಹಿಡಿದು 5555 ತೆಗೆದುಕೊಂಡಿದ್ದ. ತಂದ ದಿನ ಹೂವಿನ ಹಾರದ ಸಮೇತ ನಿಲ್ಲಿಸಿದ. ಅಕ್ಕ ನೋಡಿದಳು.

"ಮುಂದಕ್ಕೆ ಜೋಡಿಸಿದ್ರೂ ಅಷ್ಟೇ, ಹಿಂದಕ್ಕೆ ಜೋಡಿಸಿದ್ರೂ ಅಷ್ಟೇ. ಕಳದ್ರೆ ಏನ್ ಉಳೀತು ಸಾರ್?"

"ಏನು?"

"ಸೊನ್ನೆ. ನಾಕೂ ಒಂದೇ ಥರ ಇರೋರಿಗೆ ಮಾತ್ರ ಮನೆ ಇಲ್ಲ."

"ಅಯ್ಯೋ, ಬೆಳಬೆಳಿಗ್ಗೆ ಇದೇನ್ ಮಾತು ಸ್ಟ್ಯಾಂಡಕ್ಕ!"

ಅವತ್ತಿನಿಂದ ಅವರು ಸೊನ್ನೆ ಸಾರ್ ಆದರು. ಅವರೂ ಒಗ್ಗಿಕೊಂಡರು. "ಸೊನ್ನೆ ಬಂದಿದೆ, ಚೀಟಿ ಕೊಡಿ" ಎಂದೇ ಒಳಗೆ ಬರುತ್ತಿದ್ದರು. ಅವರ ಗಾಡಿಯನ್ನು ಅಕ್ಕ ಯಾವಾಗಲೂ ತನ್ನ ಕಣ್ಣೆದುರಿನ ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದಳು. ಮನೆ ಇಲ್ಲದ್ದನ್ನು ಹತ್ತಿರ ಇಟ್ಟುಕೊಳ್ಳಬೇಕಂತೆ.

ಪ್ರತಿ ಸ್ಟ್ಯಾಂಡಿನಲ್ಲೂ ಹಿಂದುಗಡೆ ಕೆಲವು ಗಾಡಿಗಳಿರುತ್ತವೆ. ನಿಲ್ಲಿಸಿ ಹೋದವರು ವಾಪಸು ಬಂದಿರುವುದಿಲ್ಲ. ಯಾಕೆಂದು ಯಾರಿಗೂ ಗೊತ್ತಿರುವುದಿಲ್ಲ. ಸೀಟಿನ ಮೇಲೆ ಬೆಕ್ಕು ಮರಿ ಹಾಕಿರುತ್ತದೆ, ಚಕ್ರ ನೆಲಕ್ಕೆ ಕೂತಿರುತ್ತದೆ. ಅಕ್ಕ ಗಾಡಿ ಒರೆಸುತ್ತಿರಲಿಲ್ಲ, ನಂಬರ್ ಪ್ಲೇಟು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸುವಳು. ಮೇಲೆಲ್ಲ ಬೂದಿಯಂಥ ಧೂಳು, ನಾಲ್ಕು ಅಂಕಿ ಮಾತ್ರ ಥಳಥಳ. ಯಾಕೆಂದು ಕೇಳಿದರೆ, "ಲೆಕ್ಕದಲ್ಲಿ ಮನೆಗೆ ಬಂದವ್ರೆ ಕಣೋ ಇವ್ರೆಲ್ಲ. ದಾರೀಲಿ ಅವ್ರೆ ಅಷ್ಟೇ" ಎಂದಳು. ಆ ಮೂಲೆಗೆ ನಾನು ಹಗಲಲ್ಲೂ ಹೋಗುತ್ತಿರಲಿಲ್ಲ.

ನಾನು ಗುಬ್ಬಿಯಲ್ಲಿದ್ದೇನೆ. ಲಗೇಜ್ ಆಟೋ ಓಡಿಸುತ್ತೇನೆ. ತುಮಕೂರು ಮಾರ್ಕೆಟ್ಟಿನಿಂದ ಕ್ಯಾತ್ಸಂದ್ರದ ಹಾಸ್ಟೆಲುಗಳಿಗೆ ತರಕಾರಿ ಹಾಕುವುದು ನನ್ನ ದಿನದ ಬಾಡಿಗೆ. ನನ್ನ ಗಾಡಿ 4371. "ನಿನ್ ತರಾನೇ ಸೋಂಬೇರಿ," ಎನ್ನುತ್ತಿದ್ದಳು ಅಕ್ಕ, "ಏಳೂ ಹೆಜ್ಜೆ ಎಣಿಸ್ಕೊಂಡೇ ಮನೆಗೆ ಬರೋದು." ಸೋಂಬೇರಿಯ ಗಾಡಿಯನ್ನು ದಿನಾ ಬೆಳಿಗ್ಗೆ ಮೊದಲು ಮನೆ ಸೇರಿಸಿ ಆಮೇಲೆ ಅವಳು ಕಾಫಿ ಕುಡಿಯುತ್ತಿದ್ದಳು. ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ತುಮಕೂರಿನ ಬಟವಾಡಿಯಲ್ಲಿ ಒಂದು ಶೀಟಿನ ಮನೆ ಬಾಡಿಗೆಗೆ ಹಿಡಿದಿದ್ದಳು. ವಾರಕ್ಕೊಮ್ಮೆ ನಾನು ಮಧ್ಯಾಹ್ನದ ಊಟಕ್ಕೆ ಹೋಗುತ್ತಿದ್ದೆ.

ಹಾಗೆ ಒಂದು ದಿನ ಊಟಕ್ಕೆ ಹೋದೆ. ಅಕ್ಕ ಬಾಗಿಲು ತೆಗೆದಳು. ಬಲಗಾಲಿಗೆ ಚಪ್ಪಲಿ ಇತ್ತು, ಎಡಗಾಲು ಬರಿಗಾಲು.

"ಇನ್ನೊಂದೆಲ್ಲಕ್ಕ?"

"ಯಾವ ಇನ್ನೊಂದು?"

ತಮಾಷೆಗೆ ಅನ್ನುತ್ತಿದ್ದಾಳೆ ಅಂದುಕೊಂಡೆ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಬಲಗಡೆ ಮಾತ್ರ. ಎಡಗಡೆ ಕೂದಲು ನಿದ್ದೆಯಿಂದ ಎದ್ದ ಹಾಗೇ ಇತ್ತು. ಇಬ್ಬರೂ ಊಟಕ್ಕೆ ಕೂತೆವು. ಮುದ್ದೆ, ಸೊಪ್ಪಿನ ಸಾರು. ಅವಳು ತಿಂದು ಕೈ ತೊಳೆಯಲು ಎದ್ದಳು. ತಟ್ಟೆ ನೋಡಿದೆ. ನಡುವೆ ಗೆರೆ ಎಳೆದ ಹಾಗೆ ಬಲಗಡೆಯ ಅರ್ಧ ಮುದ್ದೆ ಖಾಲಿ, ಎಡಗಡೆಯ ಅರ್ಧ ಹಾಗೇ ಇದೆ.

"ಬುಟ್ಟೆಯಲ್ಲ?"

"ಏನ್ ಬುಟ್ಟೆ? ಎಲ್ಲಾ ಉಂಡೆನಲ್ಲ."

ನಾನು ನಕ್ಕು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಅಕ್ಕ ಬೆಚ್ಚಿಬಿದ್ದಳು. ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಬಾಗಿಲ ಕಡೆ ನೋಡಿದಳು.

"ಇದ್ನ ಯಾರ್ಲಾ ಬಡಿಸಿದ್ದು?"

ನಾನು ಗುಬ್ಬಿಗೆ ಹೋಗಿ ಹೆಂಡತಿಗೆ ಇದನ್ನು ಹೇಳಿಕೊಂಡು ನಕ್ಕೆ. ವಯಸ್ಸಾಯ್ತು, ಮರೆವು ಎಂದು ಇಬ್ಬರೂ ಮಾತಾಡಿಕೊಂಡೆವು.

ಅದಾದ ಸ್ವಲ್ಪ ದಿವಸಕ್ಕೆ ಬೆಳಿಗ್ಗೆ ಅಕ್ಕನ ಫೋನು ಬಂತು. ನಾನು ಮಾರ್ಕೆಟ್ಟಿನಲ್ಲಿ ಲೋಡು ತುಂಬಿಸುತ್ತಿದ್ದೆ.

"ಲೇ ಮಂಜ, ಇವತ್ತು ಗಾಡಿ ತೆಗೀಬ್ಯಾಡ ಕಣೋ."

"ಯಾಕಕ್ಕ?"

"ನಿನ್ ನಂಬರ್ ಮನೆಗೆ ಬರ್ತಿಲ್ಲ."

"ಮತ್ತೆ ಎಲ್ಗೋಯ್ತು?"

ಅವಳು ದನಿ ತಗ್ಗಿಸಿದಳು. ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವ ಹಾಗೆ. "ನಾನೂರ ತೊಂಬತ್ತೈದು ಅಂತ ಒಂದ್ ಮನೆ ಐತೆ ಕಣೋ. ಅಲ್ಲಿಗ್ ಹೋಗಿ ಕೂತ್ಕಂತು. ಎರಡೇ ಹೆಜ್ಜೆ. ನಿಂದೊಂದೇ ಅಲ್ಲ, ಸ್ಟ್ಯಾಂಡ್ನಾಗಿರೋ ಎಲ್ಲಾರ್ದೂ ಅಲ್ಲಿಗೇ ಹೋಗ್ತಾವೆ. ಒಬ್ರೂ ನಮ್ಮನೆಗೆ ಬರ್ತಿಲ್ಲ."

"ಅಕ್ಕ, ಬಿಸಿಲೇರ್ತಾ ಐತೆ, ಹಾಸ್ಟೆಲ್‌ನೋರು ಬೈತಾರೆ."

"ಒಂದ್ಸಲ ನೀನೇ ಕಳ್ದು ನೋಡೋ."

"ಆಯ್ತು ಬುಡು, ನೋಡ್ತೀನಿ," ಎಂದು ಫೋನಿಟ್ಟೆ. ನೋಡಲಿಲ್ಲ. ನಾನೂರ ತೊಂಬತ್ತೈದು ಎಂದರೆ ಮೂರೇ ಅಂಕಿ, ನಾಲ್ಕನೆಯದು ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಸೊನ್ನೆಗೂ ಜಾಗ ಬಿಡು ಎಂದು ಮೊಟಕಿದವಳ ಬಾಯಲ್ಲಿ ಆ ಮಾತು ಬರಬಾರದಿತ್ತು.

ಮಧ್ಯಾಹ್ನ ಸೊನ್ನೆ ಸಾರ್ ಫೋನು ಮಾಡಿದರು. ಅವರು ಅವತ್ತು ಕೆಲಸಕ್ಕೆ ಹೋಗಿರಲಿಲ್ಲ. "ನಿಮ್ಮಕ್ಕ ಯಾಕೋ ಸರೀಗಿಲ್ಲ ಕಣ್ರಿ. ಬೆಳಿಗ್ಗೆ ಎಲ್ಲರ ತೋಳು ಹಿಡ್ಕೊಂಡು ಟ್ರೈನ್ ಹತ್ಬೇಡಿ, ವಾಪಸ್ ಬರಲ್ಲ ಅಂತ ಅಳ್ತಾ ಇದ್ರು. ಹೆಂಗಸ್ರೆಲ್ಲ ಹೆದ್ರಿಬಿಟ್ಟವ್ರೆ. ನನಗೊಬ್ಬನಿಗೇ, 'ನೀವ್ ಹೋಗಿ ಸಾರ್, ನೀವೊಬ್ರೇ ಮೊದ್ಲಿದ್ದಂಗೇ ಇದೀರಿ' ಅಂದ್ರು. ಅದನ್ನ ಕೇಳಿ ನನಗೇ ಹೋಗೋಕೆ ಧೈರ್ಯ ಬರ್ಲಿಲ್ಲ."

ನನಗೆ ನಾಚಿಕೆಯಾಯಿತು. ಕೆಲಸ ಹೋದರೆ ಇವಳನ್ನು ಯಾರು ನೋಡಿಕೊಳ್ಳಬೇಕು ಎಂದೂ ಯೋಚನೆ ಬಂತು, ಸುಳ್ಳು ಯಾಕೆ ಹೇಳಲಿ. ಆಟೋ ತಿರುಗಿಸಿ ಸ್ಟ್ಯಾಂಡಿಗೆ ಹೋದೆ. ಗಾಡಿಗಳೆಲ್ಲ ಬಲಗಡೆ ಗೋಡೆಗೆ ಒಂದರ ಮೇಲೊಂದು ಬೀಳುವ ಹಾಗೆ ತುರುಕಿಕೊಂಡಿದ್ದವು. ಎಡಗಡೆ ಇಡೀ ಜಾಗ ಬಟಾಬಯಲು. ಅಕ್ಕ ಚಪ್ಪಡಿಯ ಮೇಲೆ ಬಗ್ಗಿ ಬರೆಯುತ್ತಿದ್ದಳು. ಸೊನ್ನೆ ಸಾರ್ ಜೊತೆ ನಾಲ್ಕು ಜನ ನಿಂತು ನೋಡುತ್ತಿದ್ದರು.

ನಾನು ಅವಳ ಎಡಗಡೆ ಹೋಗಿ ನಿಂತೆ. "ಅಕ್ಕ" ಎಂದೆ.

"ಮಂಜನ್ ದನಿ ಕೇಳ್ತು," ಎಂದಳು, ಬಲಗಡೆಗೆ ತಿರುಗಿ. "ಬಂದವ್ನಾ ಅವ್ನು?"

ನೋಡುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಸಾಕ್ ಬಾಯ್ಮುಚ್ಕೊಂಡು ಚೀಟಿ ಹರ್ಯಕ್ಕ. ಹುಚ್ಚಿ ಅಂತಾವ್ರೆ ಜನ. ನನ್ ಮಾನ ಕಳೀಬ್ಯಾಡ."

ಹೆಗಲ ಮೇಲಿನ ಟವೆಲ್ಲು ತೆಗೆದು ಚಪ್ಪಡಿಯ ಮೇಲಿದ್ದದ್ದನ್ನೆಲ್ಲ ಒಂದೇ ಸಮ ಒರೆಸಿಬಿಟ್ಟೆ. ಒಂದು ಸಾಲೂ ಓದಲಿಲ್ಲ. ಕೈಗೆ ಮಾತ್ರ ಈಗಲೂ ನೆನಪಿದೆ, ನಾನು ಒರೆಸಿದ್ದು ಕಲ್ಲಿನ ಬಲಗಡೆಯ ಅರ್ಧ. ಎಡಗಡೆ ಒರೆಸಲು ಏನೂ ಇರಲಿಲ್ಲ. ಅಕ್ಕ ಬಳಪ ಹಿಡಿದ ಕೈ ಹಾಗೇ ಇಟ್ಟುಕೊಂಡು ಖಾಲಿ ಕಲ್ಲನ್ನೇ ನೋಡುತ್ತಿದ್ದಳು.

"ಎಲ್ಲಾರ್ನೂ ಅಳಿಸ್ಬುಟ್ರು," ಎಂದಳು. ಯಾರು ಅಳಿಸಿದರು ಎಂದು ಅವಳಿಗೆ ಕಾಣಲಿಲ್ಲ.

ಅವತ್ತು ಸಾಯಂಕಾಲ ಟ್ರೈನಿಗೆ ಹೋದವರೆಲ್ಲ ಬಂದರು. ಬಲಗಡೆಯ ರಾಶಿಯಿಂದ ಗಾಡಿ ಎಳೆದುಕೊಂಡು, ಬೈದುಕೊಂಡು, ಎಲ್ಲರೂ ಮನೆಗೆ ಹೋದರು. ನಾನೂ ಕ್ಯಾತ್ಸಂದ್ರಕ್ಕೆ ಇನ್ನೊಂದು ಲೋಡು ಹಾಕಿ ಗುಬ್ಬಿ ಸೇರಿದೆ. ನೋಡಿದೆಯಾ, ಏನೂ ಆಗಲಿಲ್ಲ ಎಂದು ಅಕ್ಕನಿಗೆ ಹೇಳಬೇಕು ಅಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಹಿಂದಿನ ಮೂಲೆಯ ಧೂಳು ಹಿಡಿದ ಗಾಡಿಗಳ ನಡುವೆ ಅವಳು ಫಿಟ್ಸ್ ಬಂದು ಬಿದ್ದಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಆಸ್ಪತ್ರೆಗೆ ಸೇರಿಸಿದವರು ಸೊನ್ನೆ ಸಾರ್.

ಡಾಕ್ಟರು ಸ್ಕ್ಯಾನು ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. ತಲೆಯ ಬಲಭಾಗದಲ್ಲಿ ಗಡ್ಡೆ. "ಬಲಭಾಗ ಕೆಟ್ರೆ ಎಡಗಡೆ ಪ್ರಪಂಚ ಹೋಗುತ್ತೆ. ಕಣ್ಣು ಚೆನ್ನಾಗಿದೆ, ಆದ್ರೆ ಇವರ ಮಟ್ಟಿಗೆ ಎಡಗಡೆ ಅನ್ನೋದೇ ಇಲ್ಲ. ತಟ್ಟೇಲಿ ಎಡಗಡೆ ಊಟ ಬಿಡೋದು, ಓದುವಾಗ ಎಡಗಡೆ ಅಕ್ಷರ ಬಿಟ್ಟುಹೋಗೋದು. ಇಂಥದ್ದೇನೂ ಮನೇಲಿ ಯಾರೂ ನೋಡ್ಲಿಲ್ವಾ?"

ಮೊದಲೇ ಬಂದಿದ್ದರೆ ಆಪರೇಷನ್ ಯೋಚನೆ ಮಾಡಬಹುದಿತ್ತು, ಈಗ ಆಗುವುದಿಲ್ಲ ಎಂದರು.

ಹೊರಗೆ ಬಂದು ಆಟೋ ಹತ್ತಿರ ನಿಂತೆ. ನನ್ನ ನಂಬರ್ ಪ್ಲೇಟು ಕಂಡಿತು. ಎಡಗಡೆಯ ನಾಲ್ಕರ ಮೇಲೆ ಹಸ್ತ ಇಟ್ಟು ಮುಚ್ಚಿದೆ. 371 ಉಳಿಯಿತು. ಬಾಗಿಲ ಧೂಳಿನ ಮೇಲೆ ಬೆರಳಲ್ಲಿ ಬರೆದೆ. 731ರಲ್ಲಿ 137 ಕಳೆದರೆ 594. 954ರಲ್ಲಿ 459 ಕಳೆದರೆ 495. ಮತ್ತೆ ಮಾಡಿದೆ. 495. ಮತ್ತೆ 495. ಅದು ಅಲ್ಲಿಂದ ಕದಲಲಿಲ್ಲ. ಎದುರು ನಿಂತಿದ್ದ ಬೈಕಿನ ಮೊದಲ ಅಂಕಿ ಬಿಟ್ಟು ಮಾಡಿದೆ, ಪಕ್ಕದ ಕಾರಿನದು ಮಾಡಿದೆ. ಎಲ್ಲವೂ ಅಲ್ಲಿಗೇ ಹೋಗಿ ಕೂತವು. ಸೊನ್ನೆ ಸಾರ್ ಗಾಡಿ ಒಂದೇ, 555ರಲ್ಲಿ 555 ಕಳೆದು, ಮೊದಲಿನ ಹಾಗೇ ಸೊನ್ನೆ. ಅಕ್ಕ ಒಂದೂ ಲೆಕ್ಕ ತಪ್ಪಿರಲಿಲ್ಲ. ಮೂರು ಅಂಕಿಗೆ ಅಂಥದ್ದೊಂದು ಮನೆ ಇದೆ ಎಂದು ಮೇಷ್ಟ್ರು ಅವಳಿಗೆ ಹೇಳಿರಲಿಲ್ಲ. ಅವಳು ಒಬ್ಬಳೇ ಅದರ ಬಾಗಿಲವರೆಗೂ ಹೋಗಿ, ಒಳಗೆ ನಮ್ಮನ್ನೆಲ್ಲ ನೋಡಿ, ಹೆದರಿ ನನ್ನನ್ನು ಕರೆದಿದ್ದಳು.

ಗುಬ್ಬಿಗೆ ಕರೆದುಕೊಂಡು ಬಂದೆವು. ನಮ್ಮದು ಚಿಕ್ಕ ಮನೆ. ಮಂಚ ಹಿಡಿಯುವ ಜಾಗ ಒಂದೇ, ಗೋಡೆಗೆ ಒತ್ತಿ ಹಾಕಿದೆವು. ನಾನು ದಿನಾ ಬಾಡಿಗೆ ಮುಗಿಸಿ ಬಂದು ಪಕ್ಕದಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದೆ, ಮಾತಾಡಿಸುತ್ತಿದ್ದೆ. ಅವಳು ಗೋಡೆ ನೋಡುತ್ತಾ ಉತ್ತರ ಕೊಡುತ್ತಿದ್ದಳು.

"ಇದ್ಯಾವ್ ಮನೆಯೋ ಮಂಜ? ಮಾತೆಲ್ಲ ಕೇಳ್ತದೆ, ಮನುಷ್ಯರೇ ಇಲ್ಲ."

"ನಾನ್ ಇಲ್ಲೇ ಇದೀನಲ್ಲಕ್ಕ."

"ದನಿ ಐತೆ. ನೀನಿಲ್ಲ. ಇದು ಆ ನಾನೂರ ತೊಂಬತ್ತೈದೇ ಕಣೋ."

ಅವಳು ತೀರಿಕೊಳ್ಳುವ ಹಿಂದಿನ ಭಾನುವಾರ ಹೆಂಡತಿ ಅನ್ನ ತಿನ್ನಿಸುತ್ತಾ, "ಪಾಪ, ಗೋಡೆ ಕಡೆಗೇ ಬಾಯಿ ತೆರೀತಾರೆ" ಎಂದಳು. ಆಗ ನನಗೆ ಹೊಳೆಯಿತು. ಮಂಚ ಹಾಕುವಾಗ ಅಕ್ಕನ ಬಲಗಡೆಗೆ ಗೋಡೆ ಕೊಟ್ಟಿದ್ದೆವು. ಎಡಗಡೆಗೆ ಮನೆ, ಬಾಗಿಲು, ಸ್ಟೂಲು, ನಾನು. ಇಷ್ಟು ದಿವಸ ಅವಳ ಪಾಲಿಗೆ ಇಲ್ಲದ ಕಡೆ ಕೂತು ಮಾತಾಡುತ್ತಿದ್ದೆ.

ಗಂಡ ಹೆಂಡತಿ ಸೇರಿ ಮಂಚ ತಿರುಗಿಸಿದೆವು. ಸ್ಟೂಲು ತಂದು ಅವಳ ಬಲಗಡೆ ಕೂತೆ. ಅಕ್ಕ ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು.

"ಯಾವಾಗ್ ಬಂದ್ಯೋ?"

"ಈಗ್ತಾನೆ ಕಣಕ್ಕ."

"ಹೆಂಗ್ ಬಂದೆ? ನಿನ್ ನಂಬರ್ ಬಂದಿರ್ಲಿಲ್ವಲ್ಲ."

ಬರೆದರೆ ಅವಳಿಗೆ ಎಡಗಡೆಯ ಅಂಕಿ ಕಾಣುವುದಿಲ್ಲ. ಕಿವಿಗೆ ಎಡ ಬಲ ಇಲ್ಲ. "ಕಣ್ ಮುಚ್ಕೋ, ನಾನ್ ಹೇಳ್ತೀನಿ," ಎಂದೆ. ಒಂದೊಂದೇ ಅಂಕಿ ಬಾಯಲ್ಲಿ ಹೇಳಿದೆ. ನಾಲ್ಕು. ಮೂರು. ಏಳು. ಒಂದು. ದೊಡ್ಡವರು ಮುಂದೆ, ಚಿಕ್ಕವರು ಹಿಂದೆ. ತಿರುವಿ ಕಳೆದೆ. 6084. ಅವಳ ತುಟಿ ನನ್ನ ಜೊತೆ ಆಡತೊಡಗಿತು. 8172. 7443. 3996ಕ್ಕೆ ನಾನು ತಪ್ಪಿದೆ, ಅವಳು ಕಣ್ಣು ಮುಚ್ಚಿಕೊಂಡೇ ತಿದ್ದಿದಳು. 6264. 4176.

"ಬಾಗ್ಲಿಗೆ ಬಂತು," ಎಂದಳು. "ಅವೇ ನಾಕು ಜನ. ಜಾಗ ಬದಲಾಯಿಸ್ಕೊಂಡ್ರೆ ಆಯ್ತು."

"ಅರವತ್ತೊಂದು ಎಪ್ಪತ್ನಾಲ್ಕು," ಎಂದೆ.

"ಹೂಂ," ಎಂದಳು ಅಕ್ಕ. ಹಣೆಯ ಗಂಟು ಬಿಚ್ಚಿತು. "ಮನೆ ಅಲ್ಲೇ ಐತಲ್ಲೋ. ಮತ್ತೆ ಅವತ್ತು ಕಲ್ಲಿನ್ ಮ್ಯಾಲೆ ಇದ್ದೋರ್ನೆಲ್ಲ ಅಳಿಸ್ದೋರ್ ಯಾರೋ?"

ಅವಳ ಬಲಗೈ ಹಿಡಿದುಕೊಂಡೆ. ಇಷ್ಟು ದಿನ ಎಡಗಡೆ ಕೂತು ಮನಸ್ಸಿನಲ್ಲೇ ಹೇಳಿಕೊಂಡಿದ್ದನ್ನು ಅವಳಿಗೆ ಕಾಣುವ ಕಡೆಯಿಂದ ಬಾಯಿಬಿಟ್ಟು ಹೇಳಿದೆ.

"ನಾನೇ ಅಕ್ಕ. ಓದ್ದೇ ಅಳಿಸ್ಬುಟ್ಟೆ. ನೀನ್ ಕಳ್ದು ನೋಡು ಅಂದೆ, ನೋಡ್ಲಿಲ್ಲ. ತಪ್ಪಾಯ್ತು ಕಣಕ್ಕ."